ಬೆಟ್ಟದ ಮೇಲಿನ ತೋಟ, ಬುಡದ ತೋಟ

ನಂದಿಬೆಟ್ಟವನ್ನು ಜನರಿಗೆ ಹತ್ತಿರ ಮಾಡುವ ಮಾತು ಬಂದಾಗಲೆಲ್ಲ ರಸ್ತೆ ಅಗಲೀಕರಣ, ಪಾರ್ಕಿಂಗ್, ರೋಪ್‌ವೇಗಳ ಚರ್ಚೆಯೇ ನಡೆಯುತ್ತದೆ. ಭಾನುವಾರದ ನಸುಕಿನಲ್ಲಿ ಬೆಂಗಳೂರಿನಿಂದ ಬರುವ ಬೈಕು, ಕಾರುಗಳ ಸಾಲು ನೋಡಿದರೆ ಅದು ಸಹಜವೂ ಹೌದು. ಆದರೆ ಟಿಪ್ಪುವಿನ ಬೇಸಿಗೆ ಅರಮನೆಯೂ ತೋಟಗಾರಿಕೆ ಇಲಾಖೆಯ ಉದ್ಯಾನವೂ ಇರುವ ಈ ಬೆಟ್ಟಕ್ಕೆ ಸುತ್ತಲಿನ ಊರುಗಳ ಜೊತೆ ರಸ್ತೆಗಿಂತ ಹಳೆಯ ನಂಟೊಂದಿದೆ. ಅದು ನೀರಿನ ನಂಟು.

1478 ಮೀಟರ್ ಎತ್ತರದ ಈ ಬೆಟ್ಟದ ಮೇಲೆ, ಸುತ್ತಲೂ ಮೆಟ್ಟಿಲುಗಳಿರುವ ಅಮೃತ ಸರೋವರವಿದೆ. ಕೆಳಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಕಲ್ಯಾಣಿಯಲ್ಲೇ ದಕ್ಷಿಣ ಪಿನಾಕಿನಿ ಹುಟ್ಟುತ್ತದೆ ಎಂದು ಜನ ನಂಬುತ್ತಾರೆ. ಇದೇ ಬೆಟ್ಟಸಾಲಿನ ಉತ್ತರ ಪಿನಾಕಿನಿ ಗೌರಿಬಿದನೂರಿನ ಕಡೆ ಸಾಗುತ್ತದೆ. ಅರ್ಕಾವತಿಯ ಮೂಲವೂ ಇಲ್ಲೇ. ಆ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟಿದ ಕೆರೆಯಿಂದಲೇ 1896ರಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಬಂತು. ಅಂದರೆ ಬೆಂಗಳೂರಿನವರು ಬೈಕು, ಕಾರುಗಳಲ್ಲಿ ಬೆಟ್ಟ ಹತ್ತುವುದಕ್ಕೆ ಎಷ್ಟೋ ಮೊದಲೇ ಬೆಟ್ಟದ ಮಳೆ ಅವರ ಮನೆ ತಲುಪಿತ್ತು.

ಈಗ ನೀರು ತಿರುಗಿ ಬರುತ್ತಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುತ್ತಾರೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದ್ದು ಹಾಗೆ. ಅಂತರ್ಜಲ ಏರಲಿ ಎಂಬುದು ಉದ್ದೇಶ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂಬುದು ಇಲ್ಲಿನ ನೀರಾವರಿ ಹೋರಾಟಗಾರರ ಬೇಡಿಕೆ.

ಬೆಟ್ಟದ ಬುಡದ ನಮ್ಮೂರಲ್ಲಿ ಅಪ್ಪನದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಗೂಡು ಹೋಗುವುದು ಶಿಡ್ಲಘಟ್ಟದ ಮಾರುಕಟ್ಟೆಗೆ. ನಮ್ಮ ಕಡೆ ತೋಟ ಎಂದರೆ ಇದು, ಇಲ್ಲವೇ ದ್ರಾಕ್ಷಿ, ಹೂವು, ಚಿಂತಾಮಣಿ ಕಡೆಯ ಟೊಮೆಟೊ. ನಾನು ಉದ್ಯಾನಗಳ ವಿನ್ಯಾಸದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ ಎಂದಾಗ ಅಪ್ಪ ಕೇಳಿದರು: “ಬೆಟ್ಟದ ಮ್ಯಾಲಿನ ತೋಟಕ್ಕೆ ಏನೋ ಮಾಡ್ತೀರ, ಸರಿ. ನಮ್ ತೋಟಕ್ಕೇನ್ ಮಾಡ್ತೀರಮ್ಮ?”

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಲಾಲ್‌ಬಾಗ್ ನೆನಪಾಗುತ್ತದೆ. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟಕ್ಕೆ 1908ರಲ್ಲಿ ಜರ್ಮನಿಯ ಕೃಂಬಿಗಲ್ ಬಂದರು. ಒಂದರ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಲಾಲ್‌ಬಾಗ್‌ಗೆ ಒಮ್ಮೆಯೂ ಕಾಲಿಡದವರ ಮನೆ ಮುಂದೂ ಹೂವು ಉದುರಿತು. ಅರಸರ ತೋಟ ಗೋಡೆ ದಾಟಿ ಊರಿಗೆ ಬಂದದ್ದು ಹೀಗೆ.

ಬೆಂಗಳೂರಿನಲ್ಲಿ ಮರ ಮಾಡಿದ ಕೆಲಸವನ್ನು ನಂದಿಯಲ್ಲಿ ಕಾಲುವೆ ಮಾಡಬಹುದು. ಅಮೃತ ಸರೋವರದ ಸುತ್ತ ಬಿದ್ದ ಮಳೆ ಯಾವ ಹಳ್ಳ ಹಿಡಿದು, ಯಾವ ಕುಂಟೆ ದಾಟಿ, ಯಾವ ಕೆರೆ ಸೇರುತ್ತದೆ ಎಂಬುದರ ನಕ್ಷೆಯೇ ವಿನ್ಯಾಸದ ಮೊದಲ ಹಾಳೆಯಾಗಬೇಕು. ಆ ದಾರಿಯಲ್ಲಿ ಲೇಔಟ್ ಏಳಬಾರದು. ಕಾಲುವೆಯ ಅಂಚಿಗೆ ಹೊಂಗೆ, ಅತ್ತಿ, ನೇರಳೆ ಇರಲಿ. ಕೆರೆ ಏರಿಯ ಮೇಲೆ ಊರಿನವರು ಸಂಜೆ ನಡೆದಾಡಲಿ. ಇದಕ್ಕೆ ಟಿಕೆಟ್ ಕೌಂಟರ್ ಬೇಕಿಲ್ಲ.

ನೀರಿನ ದಾರಿಯನ್ನು ಗಮನಿಸದೆ ಬೆಟ್ಟದಲ್ಲಿ ಏನನ್ನೂ ಕಟ್ಟಲಾಗದು. 2021ರ ಆಗಸ್ಟ್‌ನಲ್ಲಿ ಒಂದು ರಾತ್ರಿಯ ಮಳೆಗೆ ಗುಡ್ಡ ಜರಿದು ರಸ್ತೆ ಹಾಳಾಯಿತು. ತಿಂಗಳುಗಟ್ಟಲೆ ಪ್ರವಾಸಿಗರು ಮೇಲೆ ಹೋಗಲಾಗಲಿಲ್ಲ. ಆಗ ಎಲ್ಲರೂ ರಸ್ತೆ ಯಾವಾಗ ಸರಿಹೋಗುತ್ತದೆ ಎಂದು ಕೇಳಿದರು. ಅಷ್ಟು ನೀರು ಎಲ್ಲಿಗೆ ಹೋಯಿತು ಎಂದು ಕೇಳಿದವರು ಕಡಿಮೆ. ಅಪ್ಪನ ತೋಟಕ್ಕೆ ಬೇಕಾದ ಉತ್ತರ ಆ ಎರಡನೆಯ ಪ್ರಶ್ನೆಯಲ್ಲಿದೆ.