ಕುಳಿತಲ್ಲಿಯೇ ಕಂಡ ತವರೂರು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರೂ ಏನಾದರೊಂದನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಬರೆಯತಕ್ಕ ವಿಷಯ ಯಾವುದೆಂದು ನಾನು ಬಹಳ ದಿನ ಯೋಚಿಸಿದೆನು. ದೇಶವಿದೇಶಗಳನ್ನು ಸುತ್ತಿ ಬಂದವರು ತಮ್ಮ ಪ್ರವಾಸದ ಕಥೆಯನ್ನು ಹೇಳಬಲ್ಲರು. ನಾನಾದರೋ ಬೆಂಗಳೂರಿನ ನಮ್ಮ ಮನೆಯ ಊಟದ ಮೇಜಿನ ಬಳಿ ಕುಳಿತು, ನಮ್ಮ ತಾಯಿಯವರೊಡನೆ ಮೂರು ಸಂಜೆಗಳಲ್ಲಿ ಮೂರು ಊರುಗಳನ್ನು ನೋಡಿದವಳು. ಆ ಪ್ರವಾಸದ ವೃತ್ತಾಂತವನ್ನೇ ಇಲ್ಲಿ ನಿವೇದಿಸುತ್ತೇನೆ.

ನಮ್ಮ ತಾಯಿಯವರಿಗೆ ಈಗ ೭೮ ವರ್ಷ. ಅವರು ಹುಟ್ಟಿದ್ದು ಅಜ್ಜಂಪುರದಲ್ಲಿ. ಅಕ್ಷರ ಕಲಿತದ್ದು ತಮ್ಮ ತಂದೆಯವರು ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಕಡೂರಿನಲ್ಲಿ. ಮದುವೆಯಾಗಿ ಬಂದದ್ದು ತರೀಕೆರೆಗೆ. ಮೊಣಕಾಲಿನ ಬೇನೆಯಿಂದ ಮನೆಯ ಮೆಟ್ಟಿಲುಗಳನ್ನು ಇಳಿಯುವುದೇ ಅವರಿಗೆ ಈಚೆಗೆ ಕಷ್ಟವಾಗಿತ್ತು. ಒಂದು ಸಂಜೆ ಅವರು, "ಕಡೂರಿನ ಸ್ಟೇಷನ್ ರಸ್ತೆಯನ್ನು ಇನ್ನೊಂದು ಸಲ ನೋಡಬೇಕೆಂದು ಆಸೆ. ಆದರೆ ಈ ಕಾಲು ಎಲ್ಲಿ ಬಿಟ್ಟೀತು!" ಎಂದರು. ಅಜ್ಜಂಪುರದ ಹೆಸರನ್ನು ಮಾತ್ರ ಅವರು ಎತ್ತಲಿಲ್ಲ. ಅದಕ್ಕೆ ಕಾರಣವಿತ್ತು. ನಮ್ಮ ತಾತನವರು ತೀರಿಕೊಂಡ ಬಳಿಕ ತೋಟದ ಪಾಲಿನ ವಿಷಯದಲ್ಲಿ ಅಕ್ಕತಂಗಿಯರಿಗೆ ಮಾತು ಬೆಳೆದು, ಅವರಿಬ್ಬರೂ ೧೯ ವರ್ಷಗಳಿಂದ ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ. ದೊಡ್ಡಮ್ಮನವರು ಇಂದಿಗೂ ಅಜ್ಜಂಪುರದ ಆ ಹಳೆಯ ಮನೆಯಲ್ಲಿಯೇ ಇದ್ದರು.

ತಾಯಿಯವರ ಮಾತನ್ನು ಕೇಳಿ ನಾನು ಕಂಪ್ಯೂಟರನ್ನು ಮೇಜಿನ ಮೇಲಿಟ್ಟು ಸ್ಟ್ರೀಟ್ ವ್ಯೂ ಎಂಬ ಬೀದಿಯ ಚಿತ್ರಗಳನ್ನು ತೆರೆದೆನು. ಇದನ್ನು ಅರಿಯದವರಿಗಾಗಿ ಎರಡು ಮಾತು ಹೇಳಬೇಕು. ಒಂದು ಮೋಟಾರುಗಾಡಿಯ ನೆತ್ತಿಯ ಮೇಲೆ ಕಂಬವನ್ನು ನಿಲ್ಲಿಸಿ, ಅದರ ತುದಿಗೆ ಎಲ್ಲ ದಿಕ್ಕುಗಳಿಗೂ ಕಣ್ಣಿರುವ ಕ್ಯಾಮೆರಾವನ್ನು ಕಟ್ಟಿರುತ್ತಾರೆ. ಗಾಡಿಯು ಬೀದಿಯಲ್ಲಿ ಸಾಗುತ್ತಿರುವಂತೆ ಅದು ಕೆಲವು ಮಾರುಗಳಿಗೊಮ್ಮೆ ಸುತ್ತಲಿನ ಚಿತ್ರವನ್ನು ಹಿಡಿಯುತ್ತದೆ. ಚಿತ್ರವನ್ನು ಹಿಡಿದ ಸ್ಥಳವು ಉಪಗ್ರಹಗಳ ಸಂಕೇತಗಳಿಂದ ಗೊತ್ತಾಗುತ್ತದೆ. ಬಳಿಕ ಆ ಚಿತ್ರಗಳ ಅಂಚುಗಳನ್ನು ಕೂಡಿಸಿ ಭೂಪಟಕ್ಕೆ ಸೇರಿಸುತ್ತಾರೆ. ಭೂಪಟದ ಮೂಲೆಯಲ್ಲಿರುವ ಹಳದಿ ಬಣ್ಣದ ಸಣ್ಣ ಬೊಂಬೆಯನ್ನು ಎತ್ತಿ ರಸ್ತೆಯ ಮೇಲೆ ಬಿಟ್ಟೆವೆಂದರೆ, ನಾವೇ ಅಲ್ಲಿ ನಿಂತಂತೆ ಹಿಂದೆ ಮುಂದೆ ತಿರುಗಿ ನೋಡಬಹುದು.

ಗೂಗಲ್ ಸಂಸ್ಥೆಯವರು ಈ ಕೆಲಸವನ್ನು ೨೦೦೭ರಲ್ಲಿ ಅಮೆರಿಕದ ಕೆಲವು ನಗರಗಳಲ್ಲಿ ಆರಂಭಿಸಿದರು. ನಮ್ಮ ದೇಶದಲ್ಲಿ ೨೦೧೧ರಲ್ಲಿ ಬೆಂಗಳೂರಿನಿಂದಲೇ ಮೊದಲುಮಾಡಿದರಾದರೂ, ಕೆಲವೇ ವಾರಗಳಲ್ಲಿ ಪೊಲೀಸಿನವರು ರಕ್ಷಣೆಯ ಕಾರಣದಿಂದ ಅದನ್ನು ತಡೆದರು. ೨೦೨೧ರಲ್ಲಿ ಸರ್ಕಾರವು ಭೂಪಟಗಳ ನಿಯಮಗಳನ್ನು ಸಡಿಲಿಸಿದ ತರುವಾಯ, ೨೦೨೨ನೆಯ ಜುಲೈ ತಿಂಗಳಲ್ಲಿ ಜೆನೆಸಿಸ್ ಮತ್ತು ಟೆಕ್ ಮಹೀಂದ್ರ ಎಂಬ ಸ್ವದೇಶೀ ಕಂಪನಿಗಳ ಸಹಾಯದಿಂದ ೧೦ ನಗರಗಳ ಚಿತ್ರಗಳು ಹೊರಬಂದವು. ಅಲ್ಲಿಂದೀಚೆಗೆ ಆ ಗಾಡಿಗಳು ಸಣ್ಣ ಊರುಗಳ ಬೀದಿಗಳನ್ನೂ ಹೊಕ್ಕಿವೆ.

ಮೊದಲನೆಯ ಸಂಜೆ ಕಡೂರಿಗೆ ಹೋದೆವು. ತಾಯಿಯವರು ನಿಜವಾದ ಗಾಡಿಯಲ್ಲಿಯೇ ಕುಳಿತಂತೆ, "ಇಲ್ಲಿ ನಿಲ್ಲಿಸಮ್ಮ, ಎಡಕ್ಕೆ ತಿರುಗಿಸು" ಎಂದು ಅಪ್ಪಣೆ ಮಾಡುತ್ತಿದ್ದರು. ಒಂದು ಗೋಡೆಯ ಆಚೆಗೆ ಏನಿದೆಯೆಂದು ನೋಡುವುದಕ್ಕೆ ಮೇಜಿನ ಬಳಿಯಲ್ಲಿಯೇ ಕತ್ತನ್ನು ನೀಡಿ ಬಗ್ಗಿದರು. ನನಗೆ ನಗು ಬಂದರೂ ತಡೆದುಕೊಂಡೆನು. ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲುದಾರಿಯಾದದ್ದು ೧೮೮೯ರಲ್ಲಿ. ಆ ದಾರಿಯೇ ನಮ್ಮ ತಾತನವರಿಗೆ ಅನ್ನವನ್ನು ಕೊಟ್ಟಿತು. ಅವರು ಕಡೆಯವರೆಗೂ ತಮ್ಮದು "ಕಡೂರು ಜಿಲ್ಲೆ" ಎಂದೇ ಹೇಳುತ್ತಿದ್ದರು. ಜಿಲ್ಲೆಯ ಮುಖ್ಯಸ್ಥಾನವು ೧೮೬೫ರಲ್ಲಿಯೇ ಚಿಕ್ಕಮಗಳೂರಿಗೆ ಹೋಗಿದ್ದರೂ, ಜಿಲ್ಲೆಗೆ ಕಡೂರಿನ ಹೆಸರು ೧೯೪೭ರವರೆಗೆ ಉಳಿದಿತ್ತಂತೆ. ಈ ಶಾಲೆಯ ಭೂಗೋಳದ ತರಗತಿಯಲ್ಲಿ ನಾನು ನಕ್ಷೆಯನ್ನು ಬರೆದು "ಚಿಕ್ಕಮಗಳೂರು ಜಿಲ್ಲೆ" ಎಂದು ಹೆಸರು ಹಾಕಿದ್ದನ್ನು ನೋಡಿ, ರಜೆಯಲ್ಲಿ ಅವರು ಪೆನ್ಸಿಲಿನಿಂದ ತಿದ್ದಿದ್ದು ನೆನಪಿಗೆ ಬಂದಿತು. ತಾಯಿಯವರು ಹುಡುಕುತ್ತಿದ್ದ ಹುಣಿಸೆಯ ಮರ ಸಿಕ್ಕಲಿಲ್ಲ. ಆದರೆ ರಸ್ತೆಯ ತಿರುವು ಮಾತ್ರ ಹಾಗೆಯೇ ಇತ್ತು. "ಮರ ಹೋದರೂ ತಿರುವು ಹೋಗಲಿಲ್ಲ ನೋಡು" ಎಂದು ಅವರು ಸಮಾಧಾನಪಟ್ಟುಕೊಂಡರು.

ಎರಡನೆಯ ಸಂಜೆ ಬೀರೂರನ್ನು ದಾಟಿ ತರೀಕೆರೆಯ ಕಡೆಗೆ ಹೊರಟೆವು. ತುಮಕೂರಿನಿಂದ ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿಯನ್ನು ನಾಲ್ಕು ಪಥಗಳಾಗಿ ಅಗಲಿಸಿರುವುದರಿಂದ ತಾಯಿಯವರಿಗೆ ಗುರುತು ಹತ್ತುವುದು ಕಷ್ಟವಾಯಿತು. ಬೆಟ್ಟಗಳ ಸಾಲು ದೂರದಲ್ಲಿ ಕಾಣಿಸಿಕೊಂಡ ಮೇಲೆಯೇ, "ಈಗ ಊರು ಹತ್ತಿರ ಬಂತು" ಎಂದರು. ನಾನು ಹುಟ್ಟಿದ ಮನೆಯಿದ್ದ ಜಾಗದಲ್ಲಿ ಈಗ ಸಿಮೆಂಟಿನ ಅಂಗಡಿಯಿದೆ. ಅಲ್ಲಿ ಬಹಳ ಹೊತ್ತು ನಿಲ್ಲಲಾರದೆ, ತಾಯಿಯವರು ಮದುವೆಯಾದ ಹೊಸದರಲ್ಲಿ ಎತ್ತಿನ ಗಾಡಿಯಲ್ಲಿ ಅಮೃತಾಪುರಕ್ಕೆ ಹೋಗಿದ್ದ ಕಥೆಯನ್ನು ತೆಗೆದರು. ಅಲ್ಲಿಯ ಅಮೃತೇಶ್ವರ ದೇವಾಲಯವು ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, ೧೧೯೬ರಲ್ಲಿ ಕಟ್ಟಿದ್ದು. ಅದರ ಮಂಟಪದ ಹೊರಗೋಡೆಯಲ್ಲಿ ಕಲ್ಲಿನ ಚಿತ್ರಗಳು ಸಾಲಾಗಿವೆ. ದಕ್ಷಿಣದ ಕಡೆಯಲ್ಲಿ ರಾಮಾಯಣದ ೭೦ ಚಿತ್ರಗಳು. ಉತ್ತರದ ಕಡೆಯಲ್ಲಿ ಭಾಗವತದ ೨೫ ಮತ್ತು ಮಹಾಭಾರತದ ೪೫. ರಾಮಾಯಣದ ಸಾಲನ್ನು ಮಾತ್ರ ಪ್ರದಕ್ಷಿಣೆಗೆ ಎದುರಾಗಿ ನಡೆದು ಓದಬೇಕು. "ಅತ್ತೆಯವರು ನನ್ನ ಕೈಹಿಡಿದು ಒಂದೊಂದೇ ಚಿತ್ರದ ಮುಂದೆ ನಿಲ್ಲಿಸಿ ಕಥೆ ಹೇಳಿದರು. ಕಾಲು ಮುಂದೆ ಹೋಗದಿದ್ದರೆ ಕಥೆಯೂ ಮುಂದೆ ಹೋಗುತ್ತಿರಲಿಲ್ಲ" ಎಂದರು ತಾಯಿಯವರು. ಗಾಡಿಯ ಕ್ಯಾಮೆರಾ ರಸ್ತೆಯನ್ನು ಬಿಟ್ಟು ಆ ಗೋಡೆಯ ಹತ್ತಿರ ಹೋಗಲಾರದಾದ್ದರಿಂದ, ಆ ದಿನ ನಾನು ಅವರ ಮಾತಿನಲ್ಲಿಯೇ ಅದನ್ನು ನೋಡಿದೆನು.

ಮೂರನೆಯ ಸಂಜೆ ತಾಯಿಯವರೇ ಬಂದು ಮೇಜಿನ ಬಳಿ ಕುಳಿತರು. "ಇನ್ನೆಲ್ಲಿಗೆ ಹೋಗೋಣಮ್ಮ?" ಎಂದು ಕೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಂಪುರದ ಅಮೃತಮಹಲು ದನಗಳನ್ನು ನೋಡೋಣ" ಎಂದರು. ಮೈಸೂರಿನ ಅರಸರ ಕಾಲದಲ್ಲಿ ಬೆಣ್ಣೆಚಾವಡಿ ಎಂದು ಹೆಸರಾಗಿದ್ದು, ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎನ್ನಿಸಿಕೊಂಡ ಆ ಉದ್ದ ಕೊಂಬಿನ ತಳಿಯನ್ನು ಸಾಕುವ ಸರ್ಕಾರೀ ಕೇಂದ್ರವು ಅಜ್ಜಂಪುರದಲ್ಲಿದೆ. ಅದು ಬರಿಯ ನೆಪವೆಂದು ನನಗೆ ತಿಳಿದಿತ್ತು. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಆ ಊರಿನ ಬೀದಿಗಳಲ್ಲಿ ನಾವು ದನಗಳನ್ನು ಹುಡುಕದೆ, ಒಂದು ಮನೆಯನ್ನು ಹುಡುಕಿದೆವು.

ಮನೆ ಸಿಕ್ಕಿತು. ಹೆಂಚು ಹೋಗಿ ತಾರಸಿಯಾಗಿತ್ತು; ಆದರೆ ಜಗಲಿಯೂ ಅದರ ಎರಡು ಮರದ ಕಂಬಗಳೂ ಹಾಗೆಯೇ ಇದ್ದವು. ಜಗಲಿಯ ಮೇಲೆ ಒಬ್ಬ ವೃದ್ಧೆಯು ಕುಳಿತಿದ್ದಳು. ಬೀದಿಯಲ್ಲಿ ಹೋಗುವವರ ಗುಟ್ಟು ಹೊರಬೀಳಬಾರದೆಂದು ಈ ಚಿತ್ರಗಳಲ್ಲಿ ಮನುಷ್ಯರ ಮುಖಗಳನ್ನೂ ಗಾಡಿಗಳ ನಂಬರುಗಳನ್ನೂ ಯಂತ್ರವೇ ಮಸಕುಮಾಡುತ್ತದೆ. ೨೦೧೬ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಆ ಯಂತ್ರವು ಒಂದು ಹಸುವಿನ ಮುಖವನ್ನೂ ಮರೆಮಾಡಿ ಲೋಕವನ್ನು ನಗಿಸಿತು. ನಮ್ಮ ಮುಂದಿದ್ದ ಮುಖವೂ ಮಂಜು ಕವಿದಂತೆ ಮಸಕಾಗಿತ್ತು. ತಾಯಿಯವರು ಕನ್ನಡಕವನ್ನು ಒರಸಿಕೊಂಡು ನೋಡಿ, "ಅಕ್ಕ" ಎಂದರು. "ಮುಖವೇ ಕಾಣದಲ್ಲ, ಹೇಗೆ ಹೇಳುತ್ತೀರಿ?" ಎಂದೆನು. "ಒಂದು ಮೊಣಕಾಲನ್ನು ಎತ್ತಿ, ಅದರ ಮೇಲೆ ಕೈಯಿಟ್ಟು ಕುಳಿತಿದ್ದಾಳೆ ನೋಡು. ಅವಳು ಎಂಟು ವರ್ಷದವಳಾಗಿದ್ದಾಗಲೂ ಹೀಗೆಯೇ ಕುಳಿತುಕೊಳ್ಳುತ್ತಿದ್ದಳು" ಎಂದರು.

ನಾನು ಒಂದು ಹೆಜ್ಜೆ ಮುಂದಿಟ್ಟೆನು. ಆ ಚಿತ್ರದಲ್ಲಿ ದೊಡ್ಡಮ್ಮನವರು ಕಂಬವನ್ನು ಹಿಡಿದು ಎದ್ದು ನಿಂತಿದ್ದರು. ಇನ್ನೊಂದು ಹೆಜ್ಜೆ ಇಟ್ಟೆನು. ಜಗಲಿ ಬರಿದಾಗಿತ್ತು, ಬಾಗಿಲು ತೆರೆದಿತ್ತು. "ಏಕೆ ಎದ್ದುಹೋದಳು?" ಎಂದು ತಾಯಿಯವರು ಕೇಳಿದರು. ನಾನು ಮತ್ತೆ ಹಿಂದಕ್ಕೂ ಮುಂದಕ್ಕೂ ಹೋಗಿ ನೋಡಿದರೂ ಉತ್ತರ ಸಿಕ್ಕಲಿಲ್ಲ. ಆಗಲೇ ಚಿತ್ರದ ಮೂಲೆಯಲ್ಲಿ ಬರೆದಿದ್ದ ತಿಂಗಳೂ ವರ್ಷವೂ ನನ್ನ ಕಣ್ಣಿಗೆ ಬಿದ್ದವು. ಅದು ಎರಡು ವರ್ಷಗಳ ಹಿಂದಿನ ಚಿತ್ರ. ಹೇಳಬೇಕೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಹೇಳಿದೆನು. ತಾಯಿಯವರ ಕೈ ಮೇಜಿನ ಮೇಲೆ ನಡುಗಿತು. "ಹಾಗಾದರೆ ಈಗ?" ಎಂದರು. ಆ ಪ್ರಶ್ನೆಗೆ ಯಾವ ಭೂಪಟವೂ ಉತ್ತರ ಹೇಳದು. ದೂರವಾಣಿಯಲ್ಲಿ ವಿಚಾರಿಸೋಣವೆಂದರೆ ಅವರು ಒಪ್ಪಲಿಲ್ಲ. "ಕೇಳುವುದಲ್ಲ, ಹೋಗುವುದು" ಎಂದರು. ಮೆಟ್ಟಿಲು ಇಳಿಯಲಾರೆನೆನ್ನುತ್ತಿದ್ದವರು ಮಾರನೆಯ ಬೆಳಗ್ಗೆ ನನ್ನ ತೋಳನ್ನು ಹಿಡಿದು ಒಂದೊಂದಾಗಿ ಇಳಿದರು. ರೈಲಿನಲ್ಲಿ ಬೀರೂರಿನವರೆಗೆ ಹೋಗಿ, ಅಲ್ಲಿಂದ ಬಾಡಿಗೆಯ ಕಾರಿನಲ್ಲಿ ಅಜ್ಜಂಪುರವನ್ನು ಸೇರಿದೆವು. ದಾರಿಯುದ್ದಕ್ಕೂ ಅವರು ಮಾತನಾಡಲಿಲ್ಲ.

ದೊಡ್ಡಮ್ಮನವರು ಜಗಲಿಯ ಮೇಲೆಯೇ ಇದ್ದರು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಮೈ ಬಹಳ ಇಳಿದಿತ್ತು. "ಯಾರು?" ಎಂದರು. "ನಾನು ಅಕ್ಕಾ" ಎಂದ ಕೂಡಲೇ, "ಬಂದೆಯೇನೇ?" ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ತೋಟದ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದು ಇಂದಿಗೂ ತೀರಿಲ್ಲ. ತೀರದಿದ್ದರೂ ಚಿಂತೆಯಿಲ್ಲವೆಂದು ಈಗ ತೋರುತ್ತದೆ. ಊಟವಾದ ಮೇಲೆ ನಾನು ಆ ಗಾಡಿಯ ವಿಷಯವನ್ನು ಕೇಳಿದೆನು. "ಹೌದು, ತಲೆಯ ಮೇಲೆ ಕಂಬ ಹೊತ್ತ ಗಾಡಿ ಒಂದು ಮಧ್ಯಾಹ್ನ ಬಂದಿತ್ತು. ಮನೆಯ ಮುಂದೆ ನಿಧಾನವಾಯಿತು. ಯಾರೋ ನಮ್ಮಲ್ಲಿಗೇ ಬಂದರೆಂದು ನೀರು ತರಲು ಒಳಗೆ ಹೋದೆ. ಚೊಂಬು ಹಿಡಿದು ಬರುವಷ್ಟರಲ್ಲಿ ಹೊರಟೇಹೋಗಿತ್ತು" ಎಂದರು. ತಾಯಿಯವರು ತಲೆ ತಗ್ಗಿಸಿ ಕೇಳುತ್ತಿದ್ದರು. ಬಳಿಕ ತಮ್ಮ ಪಕ್ಕದಲ್ಲಿದ್ದ ಲೋಟದ ನೀರನ್ನು ಎತ್ತಿ ಪೂರ್ತಿಯಾಗಿ ಕುಡಿದರು.

ಈ ಶಾಲೆಯ ಬಾಲಕಿಯರೇ, ನಿಮ್ಮ ಕೈಯಲ್ಲಿ ಇಂದು ಲೋಕದ ಬೀದಿಗಳೆಲ್ಲ ಇವೆ. ಅವುಗಳನ್ನು ಮನಸಾರೆ ನೋಡಿರಿ. ಭೂಗೋಳವನ್ನು ಕಲಿಯುವುದಕ್ಕೆ ನಮಗೆ ಇಂಥ ಸಾಧನವಿರಲಿಲ್ಲ. ಆದರೆ ನೀವು ನೋಡುವುದು ಇನ್ನೊಬ್ಬರ ಹೊಸಲೆಂಬುದನ್ನು ಮರೆಯಬೇಡಿರಿ. ನಿಮ್ಮ ಮನೆಯು ಲೋಕಕ್ಕೆ ಕಾಣಬಾರದೆಂದು ಹಿರಿಯರಿಗೆ ತೋರಿದರೆ ಅದನ್ನು ಮಸಕುಮಾಡಬೇಕೆಂದು ಅರಿಕೆ ಮಾಡಿಕೊಳ್ಳಬಹುದು. ಒಮ್ಮೆ ಮಸಕಾದ ಚಿತ್ರವು ಮತ್ತೆ ತಿಳಿಯಾಗದು. ಚಿತ್ರದ ಮೂಲೆಯಲ್ಲಿರುವ ವರ್ಷವನ್ನು ತಪ್ಪದೆ ಓದಿರಿ. ಅಲ್ಲಿ ನಿಮ್ಮವರು ಯಾರಾದರೂ ಕುಳಿತಿದ್ದರೆ, ಅವರು ನೀರು ತರುವುದಕ್ಕೆ ಒಳಗೆ ಹೋಗಿರಬಹುದು. ಎದ್ದುಹೋಗಿ ನೋಡಿರಿ.