ಒಬ್ಬರ ಮನೆ, ಒಬ್ಬರ ಒಲೆ



ಮಠದ ಪತ್ರಿಕೆಯಲ್ಲಿ ಅಡುಗೆಯ ಮಾತೂ ಮನೆಯ ಒಪ್ಪದ ಮಾತೂ ಏತಕ್ಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಮನೆಯನ್ನೇ ಬಿಟ್ಟವರು ಮನೆಯ ಅಲಂಕಾರವನ್ನು ಕುರಿತು ಬರೆಯುವುದೆಂದರೇನು ಎಂದು ನಗುವವರೂ ಉಂಟು. ನಗಲಿ. ಆದರೆ ಕೆಲವು ವರ್ಷಗಳಿಂದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಭಕ್ತರ ಬಿನ್ನಹದ ಮೇಲೆ ಸಂಚರಿಸುವಾಗ ನಾವು ಕಾಣುತ್ತಿರುವ ಒಂದು ಸಂಗತಿ ಈ ವಿಷಯಕ್ಕೆ ನಮ್ಮನ್ನು ಎಳೆದು ತಂದಿದೆ. ಒಂದು ಕಾಲಕ್ಕೆ ಹದಿನೈದು ಎಲೆ ಬೀಳುತ್ತಿದ್ದ ತೊಟ್ಟಿಮನೆಯಲ್ಲಿ ಈಗ ವೃದ್ಧರಾದ ತಾಯಿಯೊಬ್ಬರೇ ಇರುತ್ತಾರೆ. ಮಕ್ಕಳು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಅದೇ ಊರಿನ ಇನ್ನೊಂದು ಬೀದಿಯಲ್ಲಿ, ದೂರದ ಜಿಲ್ಲೆಯಿಂದ ಕೆಲಸದ ಮೇಲೆ ಬಂದ ಉಪಾಧ್ಯಾಯರೋ, ದಾದಿಯೋ, ಬ್ಯಾಂಕಿನ ನೌಕರರೋ ಒಂದು ಬಾಡಿಗೆಯ ಕೋಣೆಯಲ್ಲಿ ಒಂಟಿಯಾಗಿ ದಿನ ಕಳೆಯುತ್ತಿರುತ್ತಾರೆ. ವಯಸ್ಸು ಬೇರೆ, ಕಾರಣ ಬೇರೆ; ಬಾಯಲ್ಲಿ ಬರುವ ಮಾತು ಮಾತ್ರ ಒಂದೇ: "ಒಬ್ಬರಿಗೆ ಏನು ಬುದ್ಧಿ ಅಡುಗೆ?"

ಈ ಮಾತು ಕೇಳುವುದಕ್ಕೆ ಮಿತವ್ಯಯದ ಮಾತಿನಂತಿದೆ. ವೈರಾಗ್ಯದ ಮಾತಿನಂತೆಯೂ ಇದೆ. ನಮಗೆ ಹಾಗೆ ತೋರುವುದಿಲ್ಲ. ಪಂಕ್ತಿಯಲ್ಲಿ ನೂರು ಜನರಿದ್ದಾಗ ಒಬ್ಬೊಬ್ಬರ ಎಲೆಯನ್ನೂ ನೋಡಿ ಬಡಿಸುವ ನಾವು, ಪಂಕ್ತಿಯಲ್ಲಿ ಒಬ್ಬರೇ ಉಳಿದಾಗ ಆ ಒಬ್ಬರನ್ನು ಲೆಕ್ಕದಿಂದ ಬಿಟ್ಟುಬಿಡುವುದು ಯಾವ ನ್ಯಾಯ?

ಪಿರಿಯಾಪಟ್ಟಣದ ಕಡೆಯ ಗ್ರಾಮವೊಂದರಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರಿದ್ದಾರೆ. ಪತಿ ಲಿಂಗೈಕ್ಯರಾದ ಮೇಲೆ ಮಗ ಎಷ್ಟು ಕರೆದರೂ ಅವರು ಪಟ್ಟಣಕ್ಕೆ ಹೋಗಲಿಲ್ಲ. ಹುಟ್ಟಿದ ನೆಲವನ್ನು ಬಿಡಲಾರೆ ಎಂಬ ಅವರ ಹಟವನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಬೆಳಿಗ್ಗೆ ಕಾಫಿಯೊಡನೆ ಎರಡು ರಸ್ಕು, ಮಧ್ಯಾಹ್ನ ಹಿಂದಿನ ದಿನದ ಅನ್ನಕ್ಕೆ ಉಪ್ಪಿನಕಾಯಿ, ರಾತ್ರಿ ಹಸಿವಿಲ್ಲವೆಂದು ಒಂದು ಲೋಟ ನೀರು, ಇದು ಅವರ ಆಹಾರವಾಗಿತ್ತೆಂದು ಯಾರಿಗೂ ತಿಳಿದಿರಲಿಲ್ಲ. ಒಂದು ಅಭ್ಯಾಸವನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಬೆಳಗಾದೊಡನೆ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ಬಾಗಲಾರದ ಬೆನ್ನನ್ನು ಬಾಗಿಸಿ ಒಂದು ಗೇಣಿನಷ್ಟು ರಂಗೋಲಿ ಇಡುತ್ತಿದ್ದರು. ಒಂದು ದಿನ ರಂಗೋಲಿ ಬೀಳಲಿಲ್ಲ. ಡೈರಿಗೆ ಹಾಲು ಹಾಕಿ ಹಿಂದಿರುಗುತ್ತಿದ್ದ ಎದುರುಮನೆಯಾಕೆ ಅದನ್ನು ಗಮನಿಸಿ, ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು ನೋಡುವಾಗ ಆ ತಾಯಿ ಬಚ್ಚಲಿನಲ್ಲಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಬೇಗನೆ ಮೈಸೂರಿಗೆ ಸಾಗಿಸಿದ್ದರಿಂದ ಜೀವ ಉಳಿಯಿತು. ವೈದ್ಯರು ಮಗನಿಗೆ ಹೇಳಿದ ಮಾತು ಇಷ್ಟು: ಮೂಳೆ ಮುರಿದದ್ದು ಬಿದ್ದದ್ದರಿಂದ, ಬಿದ್ದದ್ದು ನಿಶ್ಶಕ್ತಿಯಿಂದ.

ಬಾಗಿಲ ಹೊರಗಿನ ಅಲಂಕಾರ ಅವರನ್ನು ಉಳಿಸಿತು. ಬಾಗಿಲ ಒಳಗಿನ ಒಲೆ ಅವರನ್ನು ಬೀಳಿಸಿತ್ತು. ರಂಗೋಲಿಯನ್ನು ಶೋಭೆಯೆಂದು ಮಾತ್ರ ತಿಳಿದವರು ಈ ಸಂಗತಿಯನ್ನು ಯೋಚಿಸಬೇಕು. ಒಂಟಿಯಾಗಿರುವವರ ಹೊಸಿಲ ಮುಂದಿನ ನಾಲ್ಕು ಗೆರೆ, "ನಾನು ಎದ್ದಿದ್ದೇನೆ, ನಡೆದಾಡುತ್ತಿದ್ದೇನೆ" ಎಂದು ಬೀದಿಗೆ ಬರೆದ ಪತ್ರ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಓದಿದ ಯುವಕರೊಬ್ಬರು ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಉಪಾಧ್ಯಾಯರು. ಎರಡು ವರ್ಷ ಹೋಟೆಲಿನ ಪರೋಟ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿ ತಂದ ಚಿತ್ರಾನ್ನ. ಹೊಟ್ಟೆಯ ಉರಿ ಹತ್ತಿಕೊಂಡು, ಕೆಲಸವನ್ನೇ ಬಿಡುವ ಯೋಚನೆಯಲ್ಲಿದ್ದರು. ಆ ದಾರಿಯಲ್ಲಿ ಹೋಗುವಾಗ ನಾವು ಅವರ ಕೋಣೆಗೆ ಹೋದೆವು. ಬಾಗಿಲು ಪೂರ್ತಿ ತೆರೆಯದೆ, "ಬುದ್ಧಿಯವರು ಕೂರುವ ಹಾಗಿಲ್ಲ ಇಲ್ಲಿ" ಎಂದು ಸಂಕೋಚದಿಂದ ನಿಂತರು. ಒಳಗೆ ನೋಡಿದರೆ ನೆಲದ ಮೇಲೆ ಮಡಿಸದ ಹಾಸಿಗೆ, ಗೋಡೆಯಿಂದ ಗೋಡೆಗೆ ಬಟ್ಟೆಯ ಹಗ್ಗ, ಪ್ರತಿ ಮೊಳೆಗೂ ಒಂದು ಕವರು. ಕೂರುವ ಜಾಗವಿಲ್ಲದ್ದರಿಂದ ಯಾರನ್ನೂ ಅವರು ಕರೆದಿರಲಿಲ್ಲ. ಯಾರೂ ಬಾರದ್ದರಿಂದ ಜಾಗ ಮಾಡುವ ಅಗತ್ಯವೂ ಕಂಡಿರಲಿಲ್ಲ. ಹೊಟ್ಟೆಯ ಉರಿಗಿಂತಲೂ ಈ ಸುಳಿ ನಮಗೆ ಹೆಚ್ಚು ಅಪಾಯಕರವಾಗಿ ತೋರಿತು. "ಔಷಧಿ ಆಮೇಲಾಗಲಿ ಮಗು, ಮೊದಲು ಒಂದು ಕುರ್ಚಿ ತಾ" ಎಂದೆವು.

ಮನೆಯ ಅಲಂಕಾರವೆಂದರೆ ಅಂಗಡಿಯಿಂದ ತಂದು ತುಂಬುವುದೆಂದು ಬಹುಮಂದಿಯ ಭಾವನೆ. ಒಂಟಿ ಮನೆಯ ಅಲಂಕಾರ ತೆಗೆದುಹಾಕುವುದರಿಂದ ಆರಂಭವಾಗತಕ್ಕದ್ದು. ಬಣ್ಣ ಮಾಸಿದ ಪ್ಲಾಸ್ಟಿಕ್ ಹೂವು, ಸಮಾರಂಭಗಳಲ್ಲಿ ಕೊಟ್ಟ ಸ್ಮರಣಿಕೆಗಳ ಸಾಲು (ಇವುಗಳ ಕಾಟ ನಮಗೂ ಕಡಿಮೆಯಲ್ಲ), ಒಂದರ ಮೇಲೊಂದು ತೂಗುಹಾಕಿದ ಐದಾರು ಅಂಗಡಿಗಳ ಕ್ಯಾಲೆಂಡರು, ಇವು ಮೊದಲು ಗೋಡೆ ಬಿಡಬೇಕು. ಶ್ರೀಮಠದ್ದನ್ನೂ ಸೇರಿಸಿ ಲೆಕ್ಕ ಹಾಕಿ, ಒಂದು ಕ್ಯಾಲೆಂಡರು ಸಾಕು. ಬರಿದಾದ ಗೋಡೆಗೆ ಒಂದು ಕೈ ಸುಣ್ಣ. ಬೆಳಕು ಬರುವ ಕಿಟಕಿಯ ಬಳಿ ಒಂದು ಕುರ್ಚಿ. ಅದರ ಮೇಲೆ ಬಟ್ಟೆ ಹಾಕಲಾಗದು. ಹಳೆಯ ಹತ್ತಿಯ ಸೀರೆಯನ್ನು ಎರಡಾಗಿ ಸೀಳಿ, ಅಂಚನ್ನು ಕೆಳಗೆ ಬಿಟ್ಟು ಹೊಲಿದರೆ ಪರದೆಯಾಗುತ್ತದೆ. ತಾಯಿಯ ಸೀರೆಯಾದರೆ ಇನ್ನೂ ಒಳ್ಳೆಯದು. ಮೇದರು ಹೆಣೆದ ಒಂದು ಮೊರವನ್ನು ಗೋಡೆಗೆ ತೂಗುಹಾಕಿದರೆ, ಚೌಕಟ್ಟು ಕಟ್ಟಿಸಿದ ಯಾವ ಚಿತ್ರಕ್ಕೂ ಅದು ಕಡಿಮೆಯಲ್ಲ. ಬೇಕಾದಾಗ ಇಳಿಸಿ ಅಕ್ಕಿಯನ್ನೂ ಕೇರಬಹುದು. ಮೊಳೆ ಹೊಡೆಯಬಾರದೆಂಬ ಮನೆಯ ಯಜಮಾನರಿದ್ದರೆ, ಹಿತ್ತಾಳೆಯ ಚೊಂಬಿನಲ್ಲಿ ನಾಲ್ಕು ಚೆಂಡುಹೂವು ಇಟ್ಟರೆ ಆಯಿತು.

ಬೈಲಕುಪ್ಪೆಯ ಕಡೆ ಹೋದವರು ಟಿಬೆಟಿಯನ್ನರ ಮನೆಗಳನ್ನು ನೋಡಿರಬಹುದು. 1960ರ ದಶಕದ ಆರಂಭದಲ್ಲಿ, ತಮ್ಮ ದೇಶವನ್ನೇ ಬಿಟ್ಟು, ಭಾಷೆ ತಿಳಿಯದ ನಾಡಿನ ಕಾಡಂಚಿಗೆ ಬಂದು ನೆಲೆ ನಿಂತ ಜನ ಅವರು. ಎಣ್ಣೆಯ ಖಾಲಿ ಡಬ್ಬಿಗಳಿಗೆ ಮಣ್ಣು ತುಂಬಿ ಬಾಗಿಲ ಇಕ್ಕೆಲಗಳಲ್ಲಿ ಹೂ ಬೆಳೆಸಿದ್ದನ್ನು ಅಲ್ಲಿ ಕಂಡು ನಾವು ನಿಂತು ನೋಡಿದ್ದೇವೆ. ಕಬಿನಿಯ ದಂಡೆಯ ಕಡೆ ಇನ್ನೊಬ್ಬ ಹಿರಿಯರನ್ನು ಬಲ್ಲೆವು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿಯುವುದಕ್ಕೆ ಮುಂಚೆ, ಮುಳುಗಲಿದ್ದ ಹಳೆಯ ಮನೆಯಿಂದ ಅವರ ತಂದೆ ಕೆತ್ತನೆಯ ಬಾಗಿಲವಾಡವೊಂದನ್ನು ಕಳಚಿ ಗಾಡಿಯಲ್ಲಿ ತಂದಿದ್ದರಂತೆ. ಇಂದು ಆ ಹಿರಿಯರು ಒಂಟಿ. ಮನೆ ಶೀಟಿನದು, ಬಾಗಿಲವಾಡ ತೇಗದ್ದು. ವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಸವರುತ್ತಾರೆ. ಆ ಮನೆಗೆ ಬೇರೆ ಅಲಂಕಾರ ಬೇಕೆಂದು ನಮಗೆ ಅನ್ನಿಸಲಿಲ್ಲ.

ಇನ್ನು ಒಲೆಯ ವಿಷಯ. 1990ರ ದಶಕದ ಮೊದಲ ವರ್ಷಗಳಲ್ಲಿ, ಸಂಸ್ಕೃತ ಪಾಠಶಾಲೆಯ ಅಭ್ಯಾಸ ಮುಗಿಸಿ ನಾವು ಮಾನಸಗಂಗೋತ್ರಿಯಲ್ಲಿ ಓದುವಾಗ, ಕೆಲವು ಕಾಲ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಒಬ್ಬರೇ ಇರಬೇಕಾಯಿತು. ಸೀಮೆಎಣ್ಣೆಯ ಬತ್ತಿಯ ಸ್ಟವ್ ಒಂದು, ಪಾತ್ರೆ ಒಂದು, ಮುಚ್ಚಳ ಒಂದು, ಸೌಟು ಒಂದು. ಕಳುಹಿಸುವಾಗ ನಮ್ಮ ಗುರುಗಳು ಹೇಳಿದ್ದು ಒಂದೇ ಮಾತು: "ಲಿಂಗಕ್ಕೆ ತೋರಿಸಲಾಗದ್ದನ್ನು ಬೇಯಿಸಬೇಡ." ಇಷ್ಟಲಿಂಗಧಾರಿಗಳಾದ ತಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಪಿಸಿ ಉಣ್ಣುವವರಿಗೆ ಒಬ್ಬರ ಅಡುಗೆ ಎಂಬುದೇ ಇಲ್ಲ.

ನಮ್ಮ ಸೀಮೆಯಲ್ಲಿ ಒಂಟಿ ಅಡುಗೆಯ ನಿಜವಾದ ಪಂಡಿತರೆಂದರೆ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರು. ಸೊಪ್ಪು ಹದಗೊಳಿಸುವ ಕಾಲದಲ್ಲಿ ಬ್ಯಾರನ್ನಿನ ಬೆಂಕಿಯನ್ನು ಐದಾರು ದಿನ ಹಗಲಿರುಳೂ ಕಾಯಬೇಕು. ಶಾಖ ಹೆಚ್ಚಿದರೂ ಕಡಿಮೆಯಾದರೂ ನಷ್ಟ. ರಾತ್ರಿ ಅಲ್ಲಿ ಒಬ್ಬನೇ ಕುಳಿತ ಗಂಡಾಳು, ಅದೇ ಕೆಂಡದಲ್ಲಿ ಗೆಣಸು ಸುಟ್ಟುಕೊಂಡು, ರೊಟ್ಟಿ ಬಿಸಿ ಮಾಡಿಕೊಂಡು, ಹಸಿಮೆಣಸಿನಕಾಯಿ ಸುಟ್ಟು ಉಪ್ಪಿನೊಡನೆ ಹಿಸುಕಿ ಉಣ್ಣುವುದನ್ನು ನೋಡಬೇಕು. ಆ ಬೆಳೆಯ ಗುಣದೋಷದ ಮಾತು ಬೇರೆ. ಅದನ್ನು ಇನ್ನೊಮ್ಮೆ ಬರೆಯುತ್ತೇವೆ. ಆತ ಮಾತ್ರ ಒಬ್ಬನಿಗೇಕೆ ಎಂದು ಹಸಿದು ಕುಳಿತಿರುವುದಿಲ್ಲ.

ಒಂಟಿ ಅಡುಗೆ ಕೆಡುವುದು ಅಳತೆಯಲ್ಲಿ. ಮನೆ ತುಂಬ ಜನರಿದ್ದಾಗಿನ ಕೈ, ಒಬ್ಬರಿಗೂ ಅಷ್ಟೇ ಅಕ್ಕಿ ಅಳೆಯುತ್ತದೆ; ಆಮೇಲೆ ಎರಡು ದಿನ ತಂಗಳು. ದೊಡ್ಡ ಪಾತ್ರೆಗಳನ್ನು ಅಟ್ಟಕ್ಕೇರಿಸಿ, ಎರಡು ಲೀಟರಿನ ಪುಟ್ಟ ಕುಕ್ಕರನ್ನೂ ಒಂದು ಅರೆಪಾವನ್ನೂ ಕೆಳಗೆ ಇಟ್ಟುಕೊಳ್ಳಿ. ಹಲ್ಲಿಲ್ಲದ ಹಿರಿಯರಿಗೂ ಅಡುಗೆ ಬಾರದ ಯುವಕರಿಗೂ ನಾವು ಮೊದಲು ಹೇಳುವುದು ಹುಗ್ಗಿಯನ್ನು. ಕೃಷ್ಣರಾಜನಗರ ಭತ್ತದ ಸೀಮೆ. ಅಲ್ಲಿಯ ಗಿರಣಿಗಳಲ್ಲಿ ನುಚ್ಚಕ್ಕಿ ಸುಲಭವಾಗಿ ಸಿಗುತ್ತದೆ. ಅರೆಪಾವು ನುಚ್ಚು, ಅದರ ಅರ್ಧದಷ್ಟು ಹೆಸರುಬೇಳೆ. ಬೇಳೆಯನ್ನು ವಾಸನೆ ಬರುವಷ್ಟು ಹುರಿದು, ಎರಡನ್ನೂ ತೊಳೆದು, ಎಲ್ಲಕ್ಕೂ ನಾಲ್ಕರಷ್ಟು ನೀರು, ಕುಟ್ಟಿದ ಮೆಣಸು, ಜೀರಿಗೆ, ಒಂದು ತುಂಡು ಶುಂಠಿ, ಉಪ್ಪು. ಮೂರು ಕೂಗು. ಮೇಲೆ ಒಂದು ಚಮಚ ತುಪ್ಪ. ಅರ್ಧ ಗಂಟೆಯ ಕೆಲಸ, ತೊಳೆಯಲು ಒಂದೇ ಪಾತ್ರೆ.

ಇದಕ್ಕಿಂತಲೂ ನಮಗೆ ಪ್ರಿಯವಾದದ್ದು ನಮ್ಮ ಸೀಮೆಯ ಉಪ್ಸಾರು. ಒಂಟಿ ಜನರಿಗೆಂದೇ ಯಾರೋ ಕಂಡುಹಿಡಿದಂತಿದೆ. ಒಂದೇ ಬೇಯಿಸುವಿಕೆಯಲ್ಲಿ ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ. ಹಿಂದಿನ ರಾತ್ರಿ ಒಂದು ಹಿಡಿ ಅಲಸಂದೆ ಕಾಳನ್ನು ನೆನೆಹಾಕಿ. ಮರುದಿನ ಅದನ್ನು ಮುಕ್ಕಾಲು ಬೇಯಿಸಿ, ದಂಟಿನ ಸೊಪ್ಪನ್ನೋ ಹರಿವೆಯನ್ನೋ ಹೆಚ್ಚಿ ಹಾಕಿ, ಉಪ್ಪು ಸೇರಿಸಿ ಬೇಯಿಸಿ ಬಸಿಯಿರಿ. ಬಸಿದ ನೀರೇ ಸಾರು. ಉಳಿದ ಸೊಪ್ಪು-ಕಾಳಿಗೆ ಈರುಳ್ಳಿಯ ಒಗ್ಗರಣೆ ಕೊಟ್ಟು ತೆಂಗಿನತುರಿ ಉದುರಿಸಿದರೆ ಪಲ್ಯ. ಇನ್ನು ಖಾರ: ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಉಪ್ಪು, ಇಷ್ಟನ್ನು ನುಣ್ಣಗೆ ಅರೆದಿಟ್ಟುಕೊಳ್ಳುವುದು. ಕಾಯಿ ಸೇರಿಸದೆ, ಒದ್ದೆ ಚಮಚ ತಾಗಿಸದೆ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಕೆಡುವುದಿಲ್ಲ. ಭಾನುವಾರ ಅರೆದಿಟ್ಟರೆ ಗುರುವಾರದವರೆಗೂ ಯೋಚನೆಯಿಲ್ಲ. ಮುದ್ದೆಗೆ ಹಿಟ್ಟು ಒಂದು ಅಳತೆಯಾದರೆ ನೀರು ಎರಡು. ಕುದಿಯುವ ನೀರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ, ಉಳಿದದ್ದನ್ನು ನಡುವೆ ಗುಡ್ಡೆಯಾಗಿ ಸುರಿದು, ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ಆತುರದಿಂದ ಕೋಲು ಹಾಕಿದವರ ಮುದ್ದೆಯಲ್ಲಿ ಗಂಟು ತಪ್ಪದು. ಒಬ್ಬರ ಮುದ್ದೆಗೆ ತೋಳಿನ ಬಲ ಬೇಕಿಲ್ಲ, ತಾಳ್ಮೆ ಸಾಕು.

ಒಂದು ಹಳೆಯ ಡಬ್ಬಿಯಲ್ಲಿ ದೊಡ್ಡಪತ್ರೆಯ ಕಡ್ಡಿ ಚುಚ್ಚಿ ಕಿಟಕಿಯಲ್ಲಿಟ್ಟರೆ ಅದು ಅಲಂಕಾರಕ್ಕೂ ಆಯಿತು, ಅಡುಗೆಗೂ ಆಯಿತು. ಏಳೆಂಟು ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಮೆಣಸಿನೊಡನೆ ಬಾಡಿಸಿ, ಸ್ವಲ್ಪ ಕಾಯಿಯೊಡನೆ ಅರೆದು ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಕೋಟೆಯ ಉಪಾಧ್ಯಾಯರ ಕಿಟಕಿಯಲ್ಲಿ ಈಗ ಅಂಥ ಡಬ್ಬಿ ಎರಡಿವೆ. ಹೊಟ್ಟೆಯ ಉರಿ ಬಹುಮಟ್ಟಿಗೆ ತಗ್ಗಿದೆಯಂತೆ. ಭಾನುವಾರ ಇನ್ನೂ ಹೋಟೆಲಿಗೆ ಹೋಗುತ್ತಾರೆಂದು ಕೇಳಿದ್ದೇವೆ. ಹೋಗಲಿ, ಮಾತನಾಡಲು ನಾಲ್ಕು ಜನ ಸಿಗುತ್ತಾರೆ. ಪಿರಿಯಾಪಟ್ಟಣದ ತಾಯಿ ಕೋಲು ಹಿಡಿದು ನಡೆಯುತ್ತಿದ್ದಾರೆ. ನೆಲಕ್ಕೆ ಬಾಗಲಾಗದೆ ಹೊಸಿಲಿನ ಪಕ್ಕದ ಜಗಲಿಯ ಮೇಲೆ ರಂಗೋಲಿ ಇಡುತ್ತಾರೆ. ಎದುರುಮನೆಯಾಕೆ ಅದನ್ನು ನೋಡಿಕೊಂಡೇ ಡೈರಿಗೆ ಹೋಗುತ್ತಾರೆ.

ಒಂಟಿಯಾಗಿ ಮಾಡಬಾರದ ಅಡುಗೆಯೂ ಒಂದುಂಟು, ಅದನ್ನು ಹೇಳಿಬಿಡುತ್ತೇವೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಸೊಗಡಿನ ಅವರೆಕಾಯಿ ಸಂತೆಗೆ ಬರುತ್ತದೆ. ಕಾಯಿ ಬಿಡಿಸಿ, ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದನ್ನೇ ಹೆಬ್ಬೆರಳಿನಿಂದ ಹಿತುಕಿ ಬೇಳೆ ತೆಗೆಯುವುದು ಒಬ್ಬರ ಕೆಲಸವಲ್ಲ. ಜಗಲಿಯ ಮೇಲೆ ಚಾಪೆ ಹಾಸಿ, ಬೀದಿಯಲ್ಲಿ ಹೋಗುವವರನ್ನು ಹೆಸರು ಹಿಡಿದು ಕರೆಯಿರಿ. ಅವರೆಕಾಯಿ ಎಂದರೆ ಬಾರದವರು ನಮ್ಮ ಕಡೆ ಇಲ್ಲ. ಸಿಪ್ಪೆಯನ್ನು ಚೆಲ್ಲದೆ ನೆರೆಮನೆಯ ಹಸುವಿಗೆ ಕೊಡಿ. ಬೇಳೆ ಹೆಚ್ಚಾದರೆ ಅಂದೇ ಹಂಚಿಬಿಡಿ, ಮರುದಿನಕ್ಕೆ ಹುಳಿವಾಸನೆ ಬರುತ್ತದೆ.