ಆಳಕ್ಕೆ ಹೋದಷ್ಟೂ ನೀರೇ?

“ಸರ, ಮುನ್ನೂರು ಫೂಟ ಆತ್ರಿ. ಬರೇ ಬಿಳಿ ಪುಡಿ ಬರಾಕ್ಹತ್ತೈತಿ. ಇನ್ನೂ ಹೊಡಸಲ್ಯೋ, ಬ್ಯಾಡೋ?”

2003ರ ಮಾರ್ಚ್ ತಿಂಗಳು. ಸವದತ್ತಿ-ರಾಮದುರ್ಗ ರಸ್ತೆಯಿಂದ ತುಸು ಒಳಗಿದ್ದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ಆಗ ವಿಜ್ಞಾನ ಕಲಿಸುತ್ತಿದ್ದೆ. ಮಳೆ ಕೈಕೊಟ್ಟು ಎರಡು ವರ್ಷವಾಗಿತ್ತು. ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನ ತಂದೆ ಹೊಲದಲ್ಲಿ ಬೋರಿನ ಗಾಡಿ ನಿಲ್ಲಿಸಿ, ಸೈಕಲ್ ತುಳಿದುಕೊಂಡು ಶಾಲೆಗೆ ಬಂದಿದ್ದರು. ಊರಲ್ಲಿ ಬಿ.ಎಸ್ಸಿ. ಓದಿದವನು ನಾನೊಬ್ಬನೇ. ಕೇಳಲು ಅವರಿಗೆ ಬೇರೆ ಯಾರಿದ್ದರು?

ನಾನು ಅರೆಕ್ಷಣವೂ ಯೋಚಿಸಲಿಲ್ಲ. “ನೀರು ಕೆಳಗ ಇಳದೈತಿ. ಇನ್ನೂ ಇನ್ನೂರು ಫೂಟ ಹೋಗ್ರಿ, ಸಿಗತೈತಿ” ಎಂದೆ. ನನ್ನ ಕಣ್ಣ ಮುಂದಿದ್ದುದು ಪಠ್ಯಪುಸ್ತಕದ ಚಿತ್ರ. ಮೇಲೆ ಮಣ್ಣು, ಅದರ ಕೆಳಗೆ ಕಲ್ಲು, ಅದರ ಕೆಳಗೆ ನೀಲಿ ಬಣ್ಣದ ನೀರಿನ ಪದರ. ಅವರು ನಂಬಿದರು. ಐನೂರು ಅಡಿಯವರೆಗೂ ಬಂದದ್ದು ಅದೇ ಬಿಳಿ ಪುಡಿ. ಬೋರಿನವರ ಲೆಕ್ಕ ಅಡಿಗಿಷ್ಟು. ಆ ಲೆಕ್ಕ ತೀರಿಸಲು ಎತ್ತಿನ ಜೋಡಿ ಮಾರಾಟವಾಯಿತು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಆ ಹುಡುಗ ಹತ್ತನೆಯ ಇಯತ್ತೆಗೆ ಬರಲಿಲ್ಲ, ಕೂಲಿಗೆ ಹೋಗಿದ್ದ.

ನನ್ನ ತಪ್ಪು ಎಲ್ಲಿತ್ತು? ವಿದ್ಯಾರ್ಥಿಗಳೂ ಪಾಲಕರೂ ಇದನ್ನು ತಿಳಿಯಬೇಕು.

ಬೋರಿನ ಯಂತ್ರ ನಿಜಕ್ಕೂ ಜಾಣ ಯಂತ್ರ. ಲಾರಿಯ ಮೇಲಿನ ಕಂಪ್ರೆಸರ್ ಗಾಳಿಯನ್ನು ಒತ್ತಿ, ಟೊಳ್ಳು ಕೊಳವೆಗಳ ಮೂಲಕ ಕೆಳಗೆ ಕಳಿಸುತ್ತದೆ. ತೂತಿನ ತಳದಲ್ಲಿರುವ ಸುತ್ತಿಗೆ ಆ ಗಾಳಿಯ ಬಲದಿಂದ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಪೆಟ್ಟು ಹಾಕುತ್ತದೆ. ಪೆಟ್ಟು ತಿನ್ನುವ ಉಳಿಯ ತುದಿಗೆ ಟಂಗ್‌ಸ್ಟನ್ ಕಾರ್ಬೈಡಿನ ಗುಂಡಿಗಳಿರುತ್ತವೆ. ಕೆಲಸ ಮುಗಿಸಿದ ಗಾಳಿಯೇ ಕಲ್ಲಿನ ಪುಡಿಯನ್ನು ಮೇಲಕ್ಕೆ ಹೊತ್ತು ತರುತ್ತದೆ. ಬಿಹಾರದ ಬರದ ಕಾಲದಲ್ಲಿ, 1967ರಲ್ಲಿ, ಯುನಿಸೆಫ್ ಸಂಸ್ಥೆ ಗಾಳಿಯಿಂದ ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತರಿಸಿತು. ಗಟ್ಟಿ ಕಲ್ಲಿನ ನಾಡಿಗೆ ಅದು ವರವಾಯಿತು. 1972ರ ಬರದಲ್ಲಿ ಬೈಲಹೊಂಗಲದ ಕಡೆ ನಮ್ಮಜ್ಜ ಹಾರೆ, ಸುತ್ತಿಗೆ, ಮದ್ದು ಬಳಸಿ ನಲವತ್ತು ಅಡಿ ಬಾವಿ ತೋಡಲು ಎರಡು ವರ್ಷ ಹಿಡಿದಿತ್ತು. ಈ ಯಂತ್ರ ಅದರ ಹತ್ತು ಪಟ್ಟು ಆಳವನ್ನು ಒಂದು ದಿನದಲ್ಲಿ ಮುಟ್ಟುತ್ತದೆ.

ಆದರೆ ಯಂತ್ರಕ್ಕೆ ಗೊತ್ತಿರುವುದು ಕೊರೆಯುವುದು ಮಾತ್ರ. ನೀರು ಎಲ್ಲಿದೆ ಎಂಬುದು ಅದಕ್ಕೆ ತಿಳಿಯದು. ನಮ್ಮ ಕಡೆಯ ಗಟ್ಟಿ ಕಲ್ಲಿನಲ್ಲಿ ನೀಲಿ ಪದರ ಎಂಬುದಿಲ್ಲ. ನೀರು ಇರುವುದು ಎರಡೇ ಕಡೆ: ಮೇಲಿನ ಶಿಥಿಲಗೊಂಡ ಕಲ್ಲಿನಲ್ಲಿ, ಅದರ ಕೆಳಗೆ ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಮೇಲಿನ ಕಲ್ಲಿನ ಭಾರ ಹೆಚ್ಚುತ್ತದೆ. ಐನೂರು ಅಡಿಯಲ್ಲಿ ಅದು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 40 ಕಿಲೋ. ಆ ಒತ್ತಡಕ್ಕೆ ಬಿರುಕುಗಳು ಬಿಗಿದುಕೊಳ್ಳುತ್ತವೆ, ಸಂಖ್ಯೆಯೂ ಕಡಿಮೆಯಾಗುತ್ತದೆ. ಆಳದಲ್ಲಿ ಬಿರುಕು ಸಿಗುವುದೇ ಇಲ್ಲವೆಂದಲ್ಲ. ಆದರೆ ಆಳ ಹೆಚ್ಚಿದಂತೆ ನೀರು ಹೆಚ್ಚೀತೆಂಬ ಲೆಕ್ಕ ತಪ್ಪು. ಒಣ ಬಿಳಿ ಪುಡಿ ಅಂದು ಹೇಳುತ್ತಿದ್ದುದು ಇದನ್ನೇ: “ಇಲ್ಲಿ ಬಿರುಕಿಲ್ಲ.” ಓದಲು ನನಗೆ ಬರಲಿಲ್ಲ.

ಕಳೆದ ವರ್ಷ ಈ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ನಿಂತ. “ಸರ, ಮಂದಿ ಮೈಲುಗಟ್ಟಲೆ ಕೊರದು ಎಣ್ಣಿ ತಗೀತಾರಲ್ರೀ?” ಒಳ್ಳೆಯ ಪ್ರಶ್ನೆ. ಚೀನದ ಜಿಗಾಂಗ್ ಊರಿನಲ್ಲಿ 1835ರಷ್ಟು ಹಿಂದೆಯೇ, ಬಿದಿರಿನ ಹಗ್ಗಕ್ಕೆ ಕಬ್ಬಿಣದ ಉಳಿ ಕಟ್ಟಿ ಕುಟ್ಟಿ ಕುಟ್ಟಿ ಸಾವಿರ ಮೀಟರ್ ದಾಟಿದ್ದರು. ಮೇಲೆ ಬಂದದ್ದು ಉಪ್ಪುನೀರು ಮತ್ತು ಅನಿಲ. ಆ ಅನಿಲವನ್ನೇ ಉರಿಸಿ ಉಪ್ಪು ಕಾಯಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1859ರಲ್ಲಿ ಎಡ್ವಿನ್ ಡ್ರೇಕ್ ಎಂಬಾತ, ತೂತು ಕುಸಿಯದಂತೆ ಕಬ್ಬಿಣದ ಕೊಳವೆ ಇಳಿಸಿ ಕೊರೆದು ಎಣ್ಣೆ ಕಂಡ. ನಮ್ಮ ಬೋರಿಗೆ ಇಳಿಸುವ ಕೇಸಿಂಗ್ ಪೈಪಿನ ಉಪಾಯವೂ ಅದೇ. ಅವನಿಗೆ ಎಣ್ಣೆ ಸಿಕ್ಕಿದ್ದು ಎಪ್ಪತ್ತು ಅಡಿಯೊಳಗೆ! ಇಟಲಿಯ ಲಾರ್ಡೆರೆಲ್ಲೊದಲ್ಲಿ 1904ರಲ್ಲಿ ನೆಲದಡಿಯ ಉಗಿಯಿಂದ ಐದು ವಿದ್ಯುತ್ ದೀಪ ಬೆಳಗಿದವು.

ಈ ಮೂರರಲ್ಲೂ ಒಂದು ಸಂಗತಿ ಸಮಾನ. ಜಿಗಾಂಗಿನ ಸುತ್ತ ಉಪ್ಪುನೀರಿನ ಬಾವಿಗಳು ಮೊದಲೇ ಇದ್ದವು. ಡ್ರೇಕ್ ಕೊರೆದ ಹಳ್ಳದ ದಂಡೆಯಲ್ಲಿ ಎಣ್ಣೆ ತಾನಾಗಿ ಜಿನುಗುತ್ತಿತ್ತು. ಲಾರ್ಡೆರೆಲ್ಲೊದಲ್ಲಿ ಉಗಿ ನೆಲ ಬಿರಿದು ಬರುತ್ತಿತ್ತು. ನೆಲ ಕೊಟ್ಟ ಸುಳಿವು ಮೊದಲು, ಉಳಿ ಆಮೇಲೆ. ಸುಮ್ಮನೆ ಆಳಕ್ಕೆ ಹೋದರೆ ಖಂಡಿತವಾಗಿ ಸಿಗುವುದು ಒಂದೇ, ಬಿಸಿ. ರಷ್ಯದ ಕೋಲಾದಲ್ಲಿ ವಿಜ್ಞಾನಿಗಳು 12,262 ಮೀಟರ್ ಕೊರೆದಾಗ ತಳದಲ್ಲಿ ಸುಮಾರು 180 ಡಿಗ್ರಿ ಸೆಲ್ಸಿಯಸ್ ಶಾಖವಿತ್ತು.

ನಮ್ಮ ನೆಲವೂ ಸುಳಿವು ಕೊಡುತ್ತದೆ. ಸೊಗಲದಲ್ಲಿ, ರಾಮದುರ್ಗ ತಾಲೂಕಿನ ಶಬರಿಕೊಳ್ಳದಲ್ಲಿ ಬಂಡೆಯ ಸಂದಿನಿಂದ ನೀರು ಒಸರುವುದನ್ನು ಕಂಡಿದ್ದೀರಿ. ನೀರಿನ ದಾರಿ ಬಿರುಕು ಎಂಬುದಕ್ಕೆ ಬೇರೆ ಪಾಠವೇ ಬೇಡ. ಕಾಣದ ಬಿರುಕನ್ನು ಹುಡುಕಲು ಭೂವಿಜ್ಞಾನಿಗಳು ನೆಲಕ್ಕೆ ನಾಲ್ಕು ಸರಳು ನೆಟ್ಟು, ಎರಡರಲ್ಲಿ ವಿದ್ಯುತ್ ಹರಿಸಿ, ಉಳಿದೆರಡರ ನಡುವಿನ ವೋಲ್ಟೇಜ್ ಅಳೆಯುತ್ತಾರೆ. ಒದ್ದೆಯಾದ ಒಡಕು ಕಲ್ಲಿಗೆ ರೋಧ ಕಡಿಮೆ, ಒಣ ಗಟ್ಟಿ ಕಲ್ಲಿಗೆ ಹೆಚ್ಚು. ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಓಮನ ನಿಯಮವೇ ಇದು. ಅದು ನೂರಕ್ಕೆ ನೂರು ಭರವಸೆ ಕೊಡದು. ಆದರೂ ತೆಂಗಿನಕಾಯಿ ಅಂಗೈಯಲ್ಲಿ ನಿಲ್ಲಿಸುವುದಕ್ಕಿಂತ, ನನ್ನಂಥ ಮಾಸ್ತರನ ಅಂದಾಜಿಗಿಂತ ಮೇಲು.

ಇನ್ನೊಂದು ಲೆಕ್ಕ ಮನೆಯಲ್ಲೇ ಮಾಡಿನೋಡಿ. ಎಕರೆಗೆ ಎರಡು ಅಂಗುಲ ನೀರೆಂದರೆ ಸುಮಾರು ಎರಡು ಲಕ್ಷ ಲೀಟರ್. ಅಷ್ಟನ್ನು ಐನೂರು ಅಡಿಯಿಂದ ಎತ್ತಲು 80ಕ್ಕೂ ಹೆಚ್ಚು ಯೂನಿಟ್ ಬೇಕು. ಪಂಪಿನ ನಷ್ಟ ಸೇರಿದರೆ ಅದರ ಇಮ್ಮಡಿ. ನಲವತ್ತು ಅಡಿಯ ಬಾವಿಯಿಂದಾದರೆ ನಷ್ಟ ಸೇರಿಯೂ ಹದಿಮೂರು ಹದಿನಾಲ್ಕು ಯೂನಿಟ್ ಸಾಕು. ರೈತರ 10 ಅಶ್ವಶಕ್ತಿಯವರೆಗಿನ ಪಂಪಿಗೆ 2008ರಿಂದ ಬಿಲ್ಲಿಲ್ಲ, ನಿಜ. ಆದರೆ ರಾಯಚೂರಿನ ಶಕ್ತಿನಗರದಲ್ಲಿ ಇದ್ದಲು ಉರಿಯುತ್ತಲೇ ಇರುತ್ತದೆ. ನೆಲದಡಿಯ ಇದ್ದಲನ್ನು ತೆಗೆದು ಸುಟ್ಟು, ನೆಲದಡಿಯ ನೀರನ್ನು ಎತ್ತುತ್ತಿದ್ದೇವೆ. ಎರಡು ಉಳಿತಾಯ ಖಾತೆಗಳು ಒಟ್ಟಿಗೇ ಕರಗುತ್ತಿವೆ.

ಮಳೆ ತುಂಬಿಕೊಡದ ಬೋರು ಬತ್ತಲೇಬೇಕು. ಕಿತ್ತೂರಿನ ಕಡೆ ಮಳೆಗೆ ಅಷ್ಟು ಬರವಿಲ್ಲ, ಪೂರ್ವಕ್ಕೆ ರಾಮದುರ್ಗದತ್ತ ಬಂದಂತೆ ಅದು ಇಳಿಯುತ್ತದೆ. ಆದ್ದರಿಂದ ನಮ್ಮ ಕಡೆಯವರಿಗೆ ಒಡ್ಡು, ಕೃಷಿಹೊಂಡ, ಹಳೆಯ ಬಾವಿಗೆ ತಿರುಗಿಸಿದ ಮಳೆನೀರು ಹೆಚ್ಚು ಬೇಕು. ಇಪ್ಪತ್ತು ಅಡಿ ಚೌಕದ ಅಜ್ಜನ ಬಾವಿಯಲ್ಲಿ ಒಂದೇ ಅಡಿ ನೀರಿದ್ದರೂ ಅದು ಹನ್ನೊಂದು ಸಾವಿರ ಲೀಟರ್. ಆರೂವರೆ ಅಂಗುಲದ ಬೋರು ಐನೂರು ಅಡಿ ತುಂಬಿ ನಿಂತರೂ ಹಿಡಿಯುವುದು ಸುಮಾರು ಮೂರು ಸಾವಿರದ ಇನ್ನೂರು ಲೀಟರ್!

2017ರ ಏಪ್ರಿಲ್‌ನಲ್ಲಿ ನಮ್ಮದೇ ಜಿಲ್ಲೆಯ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿಯೊಬ್ಬಳು ತೆರೆದ ಬೋರಿಗೆ ಬಿದ್ದು ತೀರಿಹೋದಳು. ವಿಫಲವಾದ ಬೋರನ್ನು ತಳದಿಂದ ನೆಲಮಟ್ಟದವರೆಗೂ ತುಂಬಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಆ ಸುದ್ದಿ ಬಂದ ವಾರವೇ ನನಗೊಂದು ಫೋನು. ಹತ್ತನೆಯ ಇಯತ್ತೆಗೆ ಬಾರದ ಅದೇ ಹುಡುಗ. ಈಗ ಮನೆಯ ಯಜಮಾನ. “ಸರ, ನಮ್ಮ ಹೊಲದಾಗಿಂದು ಇನ್ನೂ ಹಂಗಽ ಐತ್ರಿ. ಮ್ಯಾಲೊಂದು ಹಾಸಗಲ್ಲು ಅಷ್ಟ. ಮುಚ್ಚೂಣು, ಬರ್ರಿ.”

ಹೋದೆ. ಕಲ್ಲು ಸರಿಸಿ, ಜಲ್ಲಿ, ಮಣ್ಣು ಸುರಿದೆವು. ಒಂದು ಜೋಡಿ ಎತ್ತು, ಒಬ್ಬ ಹುಡುಗನ ಓದು ನುಂಗಿದ್ದ ತೂತು ಎಷ್ಟು ತಿಂದೀತೋ ಎಂದುಕೊಂಡಿದ್ದೆ. ಒಂದೇ ಟ್ರ್ಯಾಕ್ಟರ್ ಟ್ರೇಲಿಗೆ ತುಂಬಿತು.

“ಅವತ್ತು ನನಗ ಗೊತ್ತಿರಲಿಲ್ಲಪಾ. ಗೊತ್ತಿಲ್ಲ ಅನ್ನಬೇಕಿತ್ತು” ಎಂದೆ. ಅವನು ಸಲಿಕೆಯ ಹಿಂಬದಿಯಿಂದ ಮಣ್ಣು ತಟ್ಟಿ ಸಮ ಮಾಡುತ್ತ, “ನಮಗೂ ಗೊತ್ತಿರಲಿಲ್ರಿ ಸರ” ಎಂದ.

ಈಗ ಯಾರಾದರೂ ಬಂದು ಇನ್ನೂ ಕೊರೆಸಲೇ ಎಂದು ಕೇಳಿದರೆ, ಮೊದಲು ಪುಡಿ ತೋರಿಸಿರಿ ಎನ್ನುತ್ತೇನೆ.